ನಾಲ್ಕು ದಿನದ ಆವೇಶ ಸಾಲದು

2025ರ ಮೇ 7ರ ಬೆಳಗ್ಗೆ ‘ಆಪರೇಷನ್ ಸಿಂಧೂರ’ದ ವಿವರ ಹೇಳಲು ದಿಲ್ಲಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರ ಜತೆ ಇಬ್ಬರು ಮಹಿಳಾ ಅಧಿಕಾರಿಗಳು ಕುಳಿತಿದ್ದರು. ಒಬ್ಬರು ವಾಯುಪಡೆಯ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್, ಇನ್ನೊಬ್ಬರು ಸೇನೆಯ ಕರ್ನಲ್ ಸೋಫಿಯಾ ಖುರೇಷಿ. ಸೋಫಿಯಾ ಅವರ ತವರು ಗುಜರಾತಿನ ವಡೋದರಾ. ಗಂಡನ ಮನೆ ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರ. ಈ ಸುದ್ದಿ ಗೊತ್ತಾದದ್ದೇ ತಡ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರ ಮೊಬೈಲ್‌ಗಳಲ್ಲೆಲ್ಲ ಅವರದೇ ಫೋಟೊ. ‘ನಮ್ಮೂರ ಸೊಸಿ’ ಎಂದು ಹೇಳಿಕೊಳ್ಳದವರೇ ಇರಲಿಲ್ಲ. ಜಾತಿ, ಧರ್ಮ, ಪಕ್ಷ ಯಾವುದೂ ಅಡ್ಡ ಬರಲಿಲ್ಲ.

ಇದೆಲ್ಲ ಎಷ್ಟು ದಿನ ಬಾಳಿತು? ಒಂದು ವಾರವೂ ಕಳೆಯುವ ಮೊದಲು ಮಧ್ಯಪ್ರದೇಶದ ಸಚಿವ ವಿಜಯ್ ಶಾ ಅದೇ ಅಧಿಕಾರಿಯ ಬಗ್ಗೆ ಸಭೆಯೊಂದರಲ್ಲಿ ಹೀನಾಯವಾಗಿ ಮಾತಾಡಿದರು. ಅಲ್ಲಿನ ಹೈಕೋರ್ಟ್ ತಾನಾಗಿಯೇ ಮೇ 14ರಂದು ಅವರ ಮೇಲೆ ಎಫ್‌ಐಆರ್ ದಾಖಲಿಸಲು ಆದೇಶ ಮಾಡಬೇಕಾಯಿತು. ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಜಾಲತಾಣದಲ್ಲಿ ಒಂದು ಸುಳ್ಳು ಹರಿದಾಡಿತು. ಕೊಣ್ಣೂರಿನಲ್ಲಿ ಕರ್ನಲ್ ಅವರ ಗಂಡನ ಮನೆಯ ಮೇಲೆ ಸಂಘಟನೆಯೊಂದರವರು ದಾಳಿ ಮಾಡಿದ್ದಾರೆ ಎಂದು. ಬೆಳಗಾವಿ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯೇ ಮುಂದೆ ಬಂದು, ಅಂಥದ್ದೇನೂ ನಡೆದಿಲ್ಲ, ಇದು ಶುದ್ಧ ಸುಳ್ಳು ಎಂದು ಹೇಳಬೇಕಾಯಿತು. ಕೊಣ್ಣೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತು ಕೇಳಿದ್ದರೆ ನಿಜ ತಿಳಿಯುತ್ತಿತ್ತು. ಆದರೆ ಹಂಚಿದವರಿಗೆ ನಿಜ ಬೇಕಾಗಿರಲಿಲ್ಲ.

ಒಬ್ಬರು ಬಲಗಡೆಯಿಂದ, ಒಬ್ಬರು ಎಡಗಡೆಯಿಂದ. ಇಬ್ಬರೂ ಹೊಡೆದದ್ದು ಒಂದೇ ಗೋಡೆಗೆ. ಆ ಗೋಡೆಯ ಹೆಸರು ದೇಶದ ಒಗ್ಗಟ್ಟು.

ನನ್ನ ವಿಚಾರಗಳು ಸ್ವಲ್ಪ ಹಳೆಯ ಕಾಲದವು ಎಂದು ಗೆಳೆಯರು ಹೇಳುತ್ತಾರೆ, ಇರಲಿ. ದೇಶ ಎಂದರೆ ಮೊದಲು ಕರ್ತವ್ಯ, ಆಮೇಲೆ ಹಕ್ಕು ಎಂದು ನಂಬಿದವನು ನಾನು. ಭಯೋತ್ಪಾದನೆಗೆ ಬಂದೂಕಿನಿಂದಲೇ ಉತ್ತರ ಕೊಡಬೇಕಾದ ಹೊತ್ತು ಬರುತ್ತದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಧರ್ಮ ಕೇಳಿ 26 ಜನರನ್ನು ಕೊಂದಾಗ, ಅವರಲ್ಲಿ ಶಿವಮೊಗ್ಗ, ಬೆಂಗಳೂರಿನಿಂದ ಹೋದ ನಮ್ಮವರೂ ಇದ್ದಾಗ, ಅಂಥ ಹೊತ್ತು ಬಂದಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ದಿನಗಳನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಸೇನೆಯ ಕುರಿತಾದದ್ದಲ್ಲ. ಸೇನೆ ತನ್ನ ಕೆಲಸ ಮಾಡಿತು. ಮನೆಯಲ್ಲಿ ಕುಳಿತಿದ್ದ ನಾವು ನಮ್ಮ ಕೆಲಸ ಮಾಡಿದೆವೇ? ನಾಲ್ಕು ದಿನ ಉಕ್ಕಿ ಐದನೇ ದಿನ ಇಳಿದುಹೋಗುವ ಆವೇಶವನ್ನು ದೇಶದ ಸಂಕಲ್ಪ ಎನ್ನಲು ಬರುತ್ತದೆಯೇ?

ಸುಳ್ಳಿನ ರಾತ್ರಿ

ಮೇ 8ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಟಿ.ವಿ. ಚಾನೆಲ್‌ಗಳಲ್ಲಿ ಕರಾಚಿ ಬಂದರು ಧ್ವಂಸವಾಯಿತು, ಇಸ್ಲಾಮಾಬಾದ್ ನಮ್ಮ ವಶಕ್ಕೆ ಬರುತ್ತಿದೆ ಎಂಬ ಮಟ್ಟದ ಸುದ್ದಿಗಳು ಬಂದವು. ಹಾಸ್ಟೆಲ್‌ಗಳಲ್ಲಿ, ಪಿ.ಜಿ.ಗಳಲ್ಲಿ ಹುಡುಗರು ನಿದ್ದೆ ಬಿಟ್ಟು ನೋಡಿದರು, ಚಪ್ಪಾಳೆ ಹೊಡೆದರು, ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡಿದರು. ಬೆಳಗಾದ ಮೇಲೆ ನೋಡಿದರೆ ಕರಾಚಿ ಬಂದರು ಇದ್ದಲ್ಲೇ ಇತ್ತು. ಆಟದ ವಿಡಿಯೊಗಳು, ಬೇರೆ ದೇಶದ ಹಳೆಯ ಯುದ್ಧದ ದೃಶ್ಯಗಳು ನಮ್ಮ ಸೇನೆಯ ಹೆಸರಿನಲ್ಲಿ ಓಡಾಡಿದ್ದವು. ಆಚೆ ಕಡೆಯಿಂದಲೂ ಅಷ್ಟೇ ಸುಳ್ಳು ಬಂತು. ಅದನ್ನು ಅಲ್ಲಗಳೆಯುವುದರಲ್ಲೇ ಸರ್ಕಾರದ ಪಿ.ಐ.ಬಿ. ವಿಭಾಗ ಹಗಲು ರಾತ್ರಿ ಕಳೆಯಿತು.

ಇದರಲ್ಲಿ ದೇಶಭಕ್ತಿ ಎಲ್ಲಿದೆ? ನಮ್ಮ ಸೇನೆ ಮೇ 7ರಂದು ಒಂಬತ್ತು ಭಯೋತ್ಪಾದಕ ನೆಲೆಗಳನ್ನು ಹೊಡೆದು, ಹೊಡೆದದ್ದೆಲ್ಲಿ ಎಂದು ಚಿತ್ರ ಸಮೇತ ತೋರಿಸಿತ್ತು. ಅಷ್ಟು ಗಟ್ಟಿಯಾದ ನಿಜ ಕೈಯಲ್ಲಿರುವಾಗ ಸುಳ್ಳು ಸೇರಿಸಿದರೆ ಹಾಲಿಗೆ ನೀರು ಬೆರೆಸಿದಂತೆ. ನಾಳೆ ಜಗತ್ತು ನಮ್ಮ ನಿಜವನ್ನೂ ನಂಬುವುದಿಲ್ಲ. ಯುದ್ಧದಲ್ಲಿ ಸೇನೆಗೆ ಮದ್ದುಗುಂಡು ಎಷ್ಟು ಮುಖ್ಯವೋ ದೇಶದ ಮಾತಿಗೆ ಇರುವ ಬೆಲೆಯೂ ಅಷ್ಟೇ ಮುಖ್ಯ. ಅದನ್ನು ನಾವೇ ನಮ್ಮ ಹೆಬ್ಬೆರಳಿನಿಂದ ಹಾಳು ಮಾಡಿಕೊಂಡೆವು.

ಸುಳ್ಳಷ್ಟೇ ಅಲ್ಲ, ಕೆಲವು ಸಲ ನಿಜವೂ ಅಪಾಯ. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿ ನಡೆದಾಗ ಕಮಾಂಡೊಗಳ ಚಲನವಲನವನ್ನು ಚಾನೆಲ್‌ಗಳು ನೇರವಾಗಿ ತೋರಿಸಿದವು. ಪಾಕಿಸ್ತಾನದಲ್ಲಿ ಕುಳಿತವರು ಅದನ್ನು ನೋಡಿಕೊಂಡು ಹೋಟೆಲ್ ಒಳಗಿದ್ದ ಉಗ್ರರಿಗೆ ಫೋನಿನಲ್ಲಿ ದಾರಿ ಹೇಳಿದರು. ಕಸಬ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳ ಈ ನಡೆಯನ್ನು ಕಟುವಾಗಿ ಟೀಕಿಸಿದೆ. ಪಹಲ್ಗಾಮ್ ಆದ ನಾಲ್ಕೇ ದಿನಕ್ಕೆ, ಏಪ್ರಿಲ್ 26ರಂದು, ಸೇನಾ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬೇಡಿ ಎಂದು ಕೇಂದ್ರ ಸರ್ಕಾರ ಸೂಚನೆ ಕೊಟ್ಟದ್ದು ಇದೇ ಕಾರಣಕ್ಕೆ. ಆಗ ಚಾನೆಲ್‌ಗಳ ಹತ್ತಿರ ಮಾತ್ರ ಕ್ಯಾಮೆರಾ ಇತ್ತು. ಈಗ ಎಲ್ಲರ ಕಿಸೆಯಲ್ಲೂ ಇದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಸೇನೆಯ ಲಾರಿಗಳ ಸಾಲು ಹೋಗುವುದನ್ನು ವಿಡಿಯೊ ಮಾಡಿ ಹಾಕುವ ಹುಡುಗನಿಗೆ ತಾನೇನು ಮಾಡುತ್ತಿದ್ದೇನೆ ಎಂಬ ಅರಿವು ಇರಬೇಕು.

ನಮ್ಮ ನೆಲದ ಮಕ್ಕಳಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಗೊಳ್ಳಿ ರಾಯಣ್ಣನ ಕಥೆ ಗೊತ್ತಿಲ್ಲದವರು ಬೆಳಗಾವಿ ಜಿಲ್ಲೆಯಲ್ಲಿ ಯಾರಿದ್ದಾರೆ? ಎದುರು ನಿಂತು ಅವನನ್ನು ಹಿಡಿಯಲು ಕಂಪನಿ ಸೈನ್ಯಕ್ಕೆ ಆಗಲಿಲ್ಲ. ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಒಳಗಿನವರೇ ಹಿಡಿದುಕೊಟ್ಟರು ಎಂದು ಜನ ಇಂದಿಗೂ ಹೇಳುತ್ತಾರೆ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಂದು ಒಳಗಿನಿಂದ ಹಿಡಿದುಕೊಡಲು ದ್ರೋಹವೇ ಬೇಕಾಗಿಲ್ಲ, ಎಚ್ಚರ ತಪ್ಪಿದರೆ ಸಾಕು.

ಮಾತಿಗೂ ಒಂದು ಹೊತ್ತಿದೆ

ಇನ್ನು ರಾಜಕಾರಣಿಗಳ ವಿಚಾರ. ಏಪ್ರಿಲ್ 26ರಂದು ಮೈಸೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಯುದ್ಧದ ಅಗತ್ಯವಿಲ್ಲ, ಭದ್ರತೆ ಬಿಗಿ ಮಾಡಬೇಕು ಎಂಬ ಅರ್ಥದ ಮಾತಾಡಿದರು. ಆ ಮಾತನ್ನು ಪಾಕಿಸ್ತಾನದ ಟಿ.ವಿ. ತೋರಿಸಿತು. ಯುದ್ಧ ಕೊನೆಯ ದಾರಿಯಾಗಬೇಕು ಎಂಬುದು ತಮ್ಮ ಅಭಿಪ್ರಾಯ ಎಂದು ಅವರು ಆಮೇಲೆ ಸ್ಪಷ್ಟನೆ ಕೊಟ್ಟರು. ಕೊನೆಯ ದಾರಿ ಎಂಬುದನ್ನು ನಾನೂ ಒಪ್ಪುತ್ತೇನೆ, ಬಹುಶಃ ಪ್ರತಿಯೊಬ್ಬ ಸೈನಿಕನ ತಾಯಿಯೂ ಒಪ್ಪುತ್ತಾಳೆ. ಆದರೆ ಹೆಣಗಳ ಅಂತ್ಯಕ್ರಿಯೆ ಆಗಿ ಮೂರು ದಿನ ಕಳೆದಿಲ್ಲ, ಶತ್ರುವಿಗೆ ಏನು ಕಾದಿದೆ ಎಂಬುದು ಅವನಿಗೆ ಗೊತ್ತಾಗಬಾರದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಇಷ್ಟು ದೊಡ್ಡ ರಾಜ್ಯದ ಮುಖ್ಯಮಂತ್ರಿಯ ಬಾಯಿಂದ ಬರುವ ಪ್ರತಿ ಪದವನ್ನೂ ಗಡಿಯಾಚೆ ತೂಗಿ ನೋಡುತ್ತಾರೆ. ಅಭಿಪ್ರಾಯ ತಪ್ಪಲ್ಲ, ಹೇಳಿದ ಹೊತ್ತು ತಪ್ಪು.

ಇದನ್ನು ಒಂದೇ ಪಕ್ಷದ ಮೇಲೆ ಹೊರಿಸಿದರೆ ನಾನು ಅನ್ಯಾಯ ಮಾಡಿದಂತೆ. ವಿಜಯ್ ಶಾ ನಾನು ಮೆಚ್ಚುವ ವಿಚಾರದ ಪಕ್ಷದವರು. ಸಮವಸ್ತ್ರ ತೊಟ್ಟು ದೇಶದ ಪರವಾಗಿ ಮಾತಾಡಿದ ಅಧಿಕಾರಿಯನ್ನು ಅವರ ಧರ್ಮದಿಂದ ಅಳೆದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಪಹಲ್ಗಾಮ್‌ನ ಕೊಲೆಗಡುಕರಿಗೆ ಬೇಕಾಗಿದ್ದದ್ದು ಏನು? ಧರ್ಮ ಕೇಳಿ ಕೊಂದರೆ ಭಾರತದ ಊರೂರಿನಲ್ಲಿ ಹಿಂದೂ ಮುಸ್ಲಿಮರು ಹೊಡೆದಾಡುತ್ತಾರೆ ಎಂಬುದೇ ಅವರ ಲೆಕ್ಕ. ಆ ಲೆಕ್ಕವನ್ನು ತಪ್ಪಿಸಿದ್ದು ಕೊಣ್ಣೂರಿನಂಥ ಊರುಗಳು. ಅದನ್ನು ಮತ್ತೆ ಸರಿ ಮಾಡಿಕೊಡಲು ಹೊರಟವರು ಸಚಿವರು! ಸಂಪ್ರದಾಯವಾದಿಗಳು ಎಂದುಕೊಳ್ಳುವ ನಮ್ಮಂಥವರೇ ಇದನ್ನು ಮೊದಲು, ಜೋರಾಗಿ ಖಂಡಿಸಬೇಕು. ಸಮವಸ್ತ್ರಕ್ಕೆ ಗೌರವ ಎಂಬುದು ತೊಟ್ಟವರ ಹೆಸರು ನೋಡಿ ಕೊಡುವಂಥದ್ದಲ್ಲ.

ಮೇ 10ರ ಸಂಜೆ 5 ಗಂಟೆಯಿಂದ ಗುಂಡು ಹಾರಿಸುವುದನ್ನು ನಿಲ್ಲಿಸಲು ಒಪ್ಪಲಾಗಿದೆ ಎಂದು ವಿಕ್ರಮ್ ಮಿಸ್ರಿ ಪ್ರಕಟಿಸಿದರು. ಅಷ್ಟಕ್ಕೇ ಅವರ ಮೇಲೆ, ಅವರ ಮನೆಯವರ ಮೇಲೆ ಜಾಲತಾಣಗಳಲ್ಲಿ ಬೈಗುಳದ ಮಳೆ. ಕೊನೆಗೆ ಅವರು ತಮ್ಮ ಖಾತೆಯನ್ನೇ ಬೇರೆಯವರಿಗೆ ಕಾಣದಂತೆ ಮಾಡಿಕೊಳ್ಳಬೇಕಾಯಿತು. ಸರ್ಕಾರ ತೆಗೆದುಕೊಂಡ ತೀರ್ಮಾನವನ್ನು ಓದಿ ಹೇಳುವುದು ಕಾರ್ಯದರ್ಶಿಯ ಕೆಲಸ. ಬೈದವರು ಯಾರು? ಮೂರು ದಿನದ ಹಿಂದೆ ಅವರನ್ನೇ ಹೊಗಳಿದವರು. ಪಿ.ಒ.ಕೆ. ಯಾಕೆ ತೆಗೆದುಕೊಳ್ಳಲಿಲ್ಲ, ಇಷ್ಟಕ್ಕೇ ಯಾಕೆ ನಿಲ್ಲಿಸಿದಿರಿ ಎಂದು ಎ.ಸಿ. ಬಸ್ಸಿನಲ್ಲಿ ಕುಳಿತು ಕೇಳಿದವರು.

ನನಗೂ ಆ ದಿನ ಬೇಸರವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಯುದ್ಧವನ್ನು ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಯುದ್ಧದ ಅರ್ಧ ವಿದ್ಯೆ. 1971ನ್ನೇ ನೋಡಿ. ಪೂರ್ವ ಪಾಕಿಸ್ತಾನದಲ್ಲಿ ಹತ್ಯಾಕಾಂಡ ಶುರುವಾದದ್ದು ಮಾರ್ಚ್‌ನಲ್ಲಿ. ನಿರಾಶ್ರಿತರು ಲಕ್ಷ ಲಕ್ಷ ಬರುತ್ತಿದ್ದರು, ಕೂಡಲೇ ಯುದ್ಧ ಮಾಡಿ ಎಂಬ ಒತ್ತಡವಿತ್ತು. ಸೇನಾ ಮುಖ್ಯಸ್ಥ ಮಾಣೆಕ್‌ಶಾ ಕಾಯಲು ಹೇಳಿದರು. ಮಳೆಗಾಲ ಮುಗಿಯಬೇಕಿತ್ತು, ಉತ್ತರದ ಕಣಿವೆಗಳು ಹಿಮದಿಂದ ಮುಚ್ಚಬೇಕಿತ್ತು, ಸೈನ್ಯವನ್ನು ಜಮಾಯಿಸಬೇಕಿತ್ತು. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಮುಗಿಯಿತು. ಸುಮಾರು 93,000 ಜನ ಶರಣಾದರು, ಹೊಸ ದೇಶವೊಂದು ಹುಟ್ಟಿತು. ಎಂಟು ತಿಂಗಳು ಬೈಗುಳ ತಿನ್ನುತ್ತ ಕಾದ ಗಟ್ಟಿತನದ ಫಲ ಅದು. ಇಂದಿನ ರೀಲ್ಸ್ ಕಾಲದಲ್ಲಿ ಎಂಟು ತಿಂಗಳು ಕಾಯುವ ಸರ್ಕಾರವನ್ನು, ಸೇನೆಯನ್ನು ನಾವು ಉಳಿಯಗೊಡುತ್ತಿದ್ದೆವೇ?

ಹಾಗಾದರೆ ಪ್ರಶ್ನೆ ಕೇಳಬಾರದೇ?

ಈ ಮಾತು ಹೇಳಿದಾಗಲೆಲ್ಲ ಕಾಲೇಜಿನಲ್ಲಿ ಗೆಳೆಯರು ಕೇಳುವ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ಯುದ್ಧ ಎಂದ ಕೂಡಲೇ ಸರ್ಕಾರ ಹೇಳಿದ್ದೆಲ್ಲ ವೇದವಾಕ್ಯವೇ? ಅಲ್ಲ. 1962ರಲ್ಲಿ ಚೀನಾ ಯುದ್ಧ ನಡೆಯುತ್ತಿರುವಾಗಲೇ ಸಂಸತ್ ಅಧಿವೇಶನ ಕರೆಯಬೇಕೆಂದು ಆಗಿನ ಯುವ ಸಂಸದ ವಾಜಪೇಯಿ ಮತ್ತಿತರರು ಒತ್ತಾಯಿಸಿದರು. ನೆಹರೂ ನವೆಂಬರ್‌ನಲ್ಲಿ ಅಧಿವೇಶನ ಕರೆದರು. ಸೇನೆಯ ಸಿದ್ಧತೆ ಸಾಲದೆಂದು ರಕ್ಷಣಾ ಸಚಿವ ಕೃಷ್ಣ ಮೆನನ್ ಮೇಲೆ ಅವರ ಪಕ್ಷದವರೇ ತಿರುಗಿಬಿದ್ದರು, ಯುದ್ಧದ ನಡುವೆಯೇ ಅವರು ಹುದ್ದೆ ಬಿಡಬೇಕಾಯಿತು. ಆ ಜಾಗಕ್ಕೆ ಯಶವಂತರಾವ್ ಚವಾಣ್ ಬಂದರು. ಆಗ ಪ್ರಶ್ನೆ ಕೇಳಿದ್ದರಿಂದ ದೇಶಕ್ಕೆ ಒಳ್ಳೆಯದೇ ಆಯಿತು.

ಆದರೆ ಅವರು ಕೇಳಿದ ರೀತಿ ನೋಡಿ. ಸಂಸತ್ತಿನಲ್ಲಿ, ತಮ್ಮ ಹೆಸರಿಟ್ಟು, ಉತ್ತರಕ್ಕೆ ಹೊಣೆಯಾಗಿ ನಿಂತು ಕೇಳಿದರು. ಸೇನೆಗೆ ಬೂಟು, ಬಂದೂಕು ಸಿಗಲಿ ಎಂಬುದು ಅವರ ಉದ್ದೇಶವಾಗಿತ್ತು. ಸುಳ್ಳು ಹೆಸರಿನ ಖಾತೆಯಿಂದ ಸೈನಿಕನ ಮನೆಯ ಮೇಲೆ ದಾಳಿಯಾಗಿದೆ ಎಂದು ಬರೆಯುವುದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ?

ಇದಕ್ಕಿಂತ ಒಳ್ಳೆಯ ಉದಾಹರಣೆ 1999ರ ಕಾರ್ಗಿಲ್. ಆ ವರ್ಷ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ ಒಂದೇ ಒಂದು ಮತದಿಂದ ಬಿದ್ದಿತ್ತು. ಮೇ ತಿಂಗಳಲ್ಲಿ ಯುದ್ಧ ಶುರುವಾದಾಗ ಇದ್ದದ್ದು ಉಸ್ತುವಾರಿ ಸರ್ಕಾರ, ಚುನಾವಣೆ ಎದುರಿಗಿತ್ತು. ಅಂಥ ಹೊತ್ತಿನಲ್ಲೂ ದೇಶ ಸೇನೆಯ ಹಿಂದೆ ನಿಂತಿತು. ವಿರೋಧ ಪಕ್ಷಗಳು ಸರ್ಕಾರವನ್ನು ಟೀಕಿಸಲಿಲ್ಲ ಎಂದಲ್ಲ, ಟೀಕಿಸಿದವು. ಆದರೆ ಜುಲೈ 26ಕ್ಕೆ ಗೆಲುವು ಘೋಷಣೆಯಾದ ಮೂರೇ ದಿನಕ್ಕೆ, ಇಷ್ಟು ನುಸುಳುವಿಕೆ ನಮಗೆ ಗೊತ್ತಾಗದೇ ಹೋದದ್ದು ಹೇಗೆ ಎಂದು ತನಿಖೆ ಮಾಡಲು ಸರ್ಕಾರವೇ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಆ ವರದಿ ಸಂಸತ್ತಿನ ಮುಂದೆ ಬಂತು. ಗುಪ್ತಚರ ವ್ಯವಸ್ಥೆ, ಗಡಿ ನಿರ್ವಹಣೆ ಬದಲಾದವು. ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥರಿರಬೇಕು ಎಂಬ ಚರ್ಚೆಗೆ ಆಗ ಬಲ ಬಂದು, 2020ರಲ್ಲಿ ಜನರಲ್ ಬಿಪಿನ್ ರಾವತ್ ಮೊದಲ ಸಿ.ಡಿ.ಎಸ್. ಆದರು. 1962ರ ಸೋಲಿನ ಬಗ್ಗೆ ಸೇನೆಯೊಳಗೆ ಸಿದ್ಧವಾದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಮಾತ್ರ ಯಾವ ಸರ್ಕಾರವೂ ಪೂರ್ತಿಯಾಗಿ ಜನರ ಮುಂದಿಟ್ಟಿಲ್ಲ. ಎರಡರಲ್ಲಿ ಯಾವುದು ದೇಶವನ್ನು ಗಟ್ಟಿ ಮಾಡಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿಂಧೂರದ ವಿಷಯದಲ್ಲೂ ಇದೇ ದಾರಿ ಇತ್ತು. ಮೇ ಕೊನೆಗೆ ಸಿಂಗಪುರದಲ್ಲಿ ಸಿ.ಡಿ.ಎಸ್. ಜನರಲ್ ಅನಿಲ್ ಚೌಹಾಣ್ ನಮ್ಮ ವಿಮಾನಗಳಿಗೂ ನಷ್ಟವಾಗಿದೆ ಎಂದು ಒಪ್ಪಿಕೊಂಡರು. ಯಾಕೆ ನಷ್ಟವಾಯಿತು, ತಪ್ಪನ್ನು ಹೇಗೆ ತಿದ್ದಿಕೊಂಡೆವು ಎಂಬುದು ಮುಖ್ಯ ಎಂಬ ಅರ್ಥದಲ್ಲಿ ಮಾತಾಡಿದರು. ವಿವಿಧ ಪಕ್ಷಗಳ ಸಂಸದರಿದ್ದ ಏಳು ನಿಯೋಗಗಳು ಬೇರೆ ಬೇರೆ ದೇಶಗಳಿಗೆ ಹೋಗಿ ಭಾರತದ ಪರ ಮಾತಾಡಿದವು. ಕಾಂಗ್ರೆಸ್ಸಿನ ಶಶಿ ತರೂರ್ ಮುಂದಾಳತ್ವದ ತಂಡದಲ್ಲಿ ನಮ್ಮ ತೇಜಸ್ವಿ ಸೂರ್ಯ ಇದ್ದರು. ಡಿ.ಎಂ.ಕೆ.ಯ ಕನಿಮೊಳಿ ಅವರ ತಂಡದಲ್ಲಿ ದಕ್ಷಿಣ ಕನ್ನಡದ ಸಂಸದ, ಮಾಜಿ ಸೇನಾಧಿಕಾರಿ ಕ್ಯಾಪ್ಟನ್ ಬ್ರಿಜೇಶ್ ಚೌಟ ಇದ್ದರು. ಜುಲೈ ಕೊನೆಗೆ ಸಂಸತ್ತಿನಲ್ಲಿ ಜೋರು ಚರ್ಚೆಯೇ ನಡೆಯಿತು. ಹೊರಗೆ ಹೋದಾಗ ಒಂದೇ ದನಿ, ಒಳಗೆ ಬಂದಾಗ ಲೆಕ್ಕ ಕೇಳುವುದು. ಇದು ಮನೆತನ ಗೊತ್ತಿರುವವರ ರೀತಿ. ಬೀಗರ ಮುಂದೆ ಅಣ್ಣತಮ್ಮಂದಿರು ಜಗಳ ಆಡುವುದಿಲ್ಲ, ಬೀಗರು ಹೋದ ಮೇಲೆ ಲೆಕ್ಕದ ವಹಿ ತೆಗೆಯುವುದನ್ನೂ ಮರೆಯುವುದಿಲ್ಲ.

ಕಾರ್ಗಿಲ್ ಕಾಲದಲ್ಲಿ ಕಾಶ್ಮೀರದಲ್ಲಿದ್ದ ನಿವೃತ್ತ ಹವಾಲ್ದಾರರೊಬ್ಬರು ನಮ್ಮ ಕಡೆಯ ಹಳ್ಳಿಯಲ್ಲಿದ್ದಾರೆ. ನಾವೆಲ್ಲ ‘ಕಾಕಾ’ ಎನ್ನುತ್ತೇವೆ. ಅವರಿಗೆ ಆಗ ಮನೆಯಿಂದ ಪತ್ರ ಬರಲು ಎಷ್ಟೋ ದಿನ ಹಿಡಿಯುತ್ತಿತ್ತಂತೆ. “ಪತ್ರದಾಗ ಮಳಿ, ಬೆಳಿ, ಎಮ್ಮಿ ಈದದ್ದು ಇಷ್ಟs ಇರ್ತಿತ್ತು ತಮ್ಮಾ. ನಮ್ಮವ್ವನ ಆಪರೇಷನ್ ಆಗಿದ್ದು ನನಗ ಗೊತ್ತಾಗಿದ್ದು ರಜಾಕ್ಕ ಬಂದ ಮ್ಯಾಲ” ಎಂದರು. ಓದು ಬಾರದ ಆ ತಾಯಿ ಯಾರಿಂದಲೋ ಪತ್ರ ಬರೆಸುವಾಗ ತನ್ನ ನೋವನ್ನು ಬರೆಸದೇ ಬಿಟ್ಟಳು. ಮಗನ ಕೈ ನಡುಗಬಾರದು ಎಂಬುದೊಂದೇ ಕಾರಣ. ಆ ಮನೆಯಲ್ಲಿ ಯಾರೂ ಘೋಷಣೆ ಕೂಗಲಿಲ್ಲ. ರಾಷ್ಟ್ರೀಯ ಸಂಕಲ್ಪ ಎಂಬ ದೊಡ್ಡ ಪದಕ್ಕೆ ಅರ್ಥ ಹುಡುಕಿದಾಗಲೆಲ್ಲ ನನಗೆ ಆ ಪತ್ರ ನೆನಪಾಗುತ್ತದೆ.

ಬೆಳಗಿನ ಜಾವ ಓಡುವವರು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವ ಊರಿನ ರಸ್ತೆಗಾದರೂ ಬೆಳಗಿನ ಜಾವ ಐದಕ್ಕೆ ಬನ್ನಿ. ಕಬ್ಬಿನ ಗದ್ದೆಗಳ ನಡುವೆ ಹುಡುಗರು ಓಡುತ್ತಿರುತ್ತಾರೆ. ಒಬ್ಬ ಮೊಬೈಲಿನಲ್ಲಿ ಸಮಯ ನೋಡುತ್ತಿರುತ್ತಾನೆ. ಇವರಲ್ಲಿ ಹೆಚ್ಚಿನವರದು ಎರಡು ಮೂರು ಎಕರೆ ಹೊಲದ ಮನೆ. ಕೆಲವರದು ಅದೂ ಇಲ್ಲ. ಸೇನಾ ಭರ್ತಿ ಇವರ ಕನಸು, ಮನೆಯ ಆಧಾರವೂ ಹೌದು. ನಾವು ಸ್ಟೇಟಸ್ ಹಾಕುವ ಯುದ್ಧವನ್ನು ನಾಳೆ ಮಾಡಬೇಕಾದವರು ಇವರೇ.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಇವರು ಸೇರುವುದು ಅಗ್ನಿವೀರರಾಗಿ. ಸೇವೆ ನಾಲ್ಕು ವರ್ಷ. ಅವರಲ್ಲಿ ಶೇ 25ರಷ್ಟು ಜನರನ್ನು ಮುಂದೆ ಕಾಯಂ ಮಾಡಿಕೊಳ್ಳುತ್ತಾರೆ. ಉಳಿದವರು ಸುಮಾರು ₹11.71 ಲಕ್ಷ ಸೇವಾ ನಿಧಿಯೊಂದಿಗೆ ಮನೆಗೆ ಬರುತ್ತಾರೆ, ಪಿಂಚಣಿ ಇಲ್ಲ. ಮೊದಲ ತಂಡ 2023ರ ಆರಂಭದಲ್ಲಿ ತರಬೇತಿಗೆ ಸೇರಿತು. ಲೆಕ್ಕ ಹಾಕಿದರೆ 2026 ಮುಗಿದು 2027 ಶುರುವಾಗುವ ಹೊತ್ತಿಗೆ ಅವರ ನಾಲ್ಕು ವರ್ಷ ಮುಗಿಯುತ್ತದೆ. ಸೇನೆ ಎಳೆಯದಾಗಿರಬೇಕು, ಖರ್ಚಿನ ಹಣ ಶಸ್ತ್ರಾಸ್ತ್ರಕ್ಕೂ ಸಿಗಬೇಕು ಎಂಬ ಸರ್ಕಾರದ ವಾದದಲ್ಲಿ ಹುರುಳಿದೆ. ಆದರೆ ಇಪ್ಪತ್ತೆರಡು ಇಪ್ಪತ್ಮೂರು ವರ್ಷಕ್ಕೆ ವಾಪಸ್ ಬರುವ ಹುಡುಗ ಏನು ಮಾಡಬೇಕು? ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಹೇಳಿದ್ದಾರೆ, ಆದರೆ ಎಲ್ಲರಿಗೂ ಅಲ್ಲಿ ಜಾಗ ಸಾಲುವುದಿಲ್ಲ.

ಸೈನಿಕನ ಪರ ಎಂದು ಎದೆ ತಟ್ಟಿಕೊಳ್ಳುವ ನನ್ನಂಥವರ ಪರೀಕ್ಷೆ ಇಲ್ಲಿದೆ. ಅವನು ಸಮವಸ್ತ್ರದಲ್ಲಿದ್ದಾಗ ಸೆಲ್ಯೂಟ್ ಹೊಡೆದು, ಸಮವಸ್ತ್ರ ಬಿಚ್ಚಿ ಬಂದ ಮೇಲೆ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ಕೈಚಾಚುವಂತೆ ಮಾಡಿದರೆ ನಮ್ಮ ಭಕ್ತಿ ಬರೀ ಬಾಯಿಮಾತು. ಎಲ್ಲವನ್ನೂ ಸರ್ಕಾರವೇ ಮಾಡಲಿ ಎಂದು ನಾನು ಹೇಳುವವನಲ್ಲ. ನಮ್ಮ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಸಹಕಾರಿ ಸಂಘಗಳಿವೆ, ಪತ್ತಿನ ಸಂಸ್ಥೆಗಳಿವೆ, ಮಠಗಳು ನಡೆಸುವ ಶಾಲೆ ಕಾಲೇಜುಗಳಿವೆ. ಶಿಸ್ತು, ಯಂತ್ರ, ವಾಹನ, ವೈರ್‌ಲೆಸ್ ಕಲಿತು ಬಂದ ಹುಡುಗನಿಗೆ ಮೊದಲ ಅವಕಾಶ ಕೊಡುತ್ತೇವೆ ಎಂದು ಇವು ಠರಾವು ಮಾಡಬಹುದು. ನಮ್ಮ ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳು ಅವರಿಗೆ ಒಂದಿಷ್ಟು ಸೀಟು ಇಡಬಹುದು. ಸಮಾಜ ತಾನೇ ಹೊಣೆ ಹೊತ್ತರೆ ಅದು ಯಾವ ಯೋಜನೆಗಿಂತಲೂ ಗಟ್ಟಿ.

ಇನ್ನೊಂದು ಮಾತು. ಸೈನಿಕ ಸಾಯುವುದು ಯುದ್ಧದಲ್ಲಿ ಮಾತ್ರ ಅಲ್ಲ. 2024ರ ಡಿಸೆಂಬರ್ 24ರಂದು ಕಾಶ್ಮೀರದ ಪೂಂಛ್‌ನಲ್ಲಿ ಸೇನಾ ವಾಹನ ಕಮರಿಗೆ ಬಿದ್ದು ಮರಾಠಾ ಲಘು ಪದಾತಿ ದಳದ ಐವರು ಯೋಧರು ತೀರಿಕೊಂಡರು. ಅವರಲ್ಲಿ ಮೂವರು ಕನ್ನಡಿಗರು. ಒಬ್ಬರು ಬೆಳಗಾವಿಯವರು, ಒಬ್ಬರು ಮೂಡಲಗಿಗೆ ಹತ್ತಿರದ ಮಹಾಲಿಂಗಪುರದವರು, ಒಬ್ಬರು ಕುಂದಾಪುರ ಕಡೆಯವರು. ಆಗ ಯಾವ ಆಪರೇಷನ್ನಿನ ಹೆಸರೂ ಇರಲಿಲ್ಲ, ಟಿ.ವಿ.ಯಲ್ಲಿ ಸೈರನ್ ಇರಲಿಲ್ಲ. ಎರಡು ದಿನ ಸುದ್ದಿಯಾಗಿ ನಿಂತಿತು. ಆ ಮನೆಗಳಲ್ಲಿ ಮಾತ್ರ ಅದು ನಿಲ್ಲುವ ಸುದ್ದಿಯಲ್ಲ.

ನಮ್ಮ ಪಾಲಿನ ಕೆಲಸ

ಹಾಗಾದರೆ ಓದುತ್ತಿರುವ, ಕೆಲಸ ಹುಡುಕುತ್ತಿರುವ ನಾವು ಮಾಡುವುದೇನು? ಎಲ್ಲರೂ ಸೈನ್ಯ ಸೇರಬೇಕಾಗಿಲ್ಲ. ಸಿಂಧೂರದ ವೇಳೆ ಗಡಿಯಾಚೆಯಿಂದ ಬಂದ ಡ್ರೋನ್‌ಗಳನ್ನು ತಡೆದ ವ್ಯವಸ್ಥೆಯಲ್ಲಿ ಬೆಂಗಳೂರಿನ ಬಿ.ಇ.ಎಲ್. ಕಟ್ಟಿದ, ರಾಡಾರ್‌ಗಳನ್ನೆಲ್ಲ ಒಂದೇ ಜಾಲಕ್ಕೆ ಜೋಡಿಸುವ ವಾಯುಪಡೆಯ ನಿಯಂತ್ರಣ ವ್ಯವಸ್ಥೆ ಇತ್ತು, ದೇಶದಲ್ಲೇ ತಯಾರಾದ ಆಕಾಶ್ ಕ್ಷಿಪಣಿ ಇತ್ತು. ಅದನ್ನು ಕಟ್ಟಿದವರು ನಮ್ಮಂತೆಯೇ ಸಿಗ್ನಲ್ ಪ್ರೊಸೆಸಿಂಗ್, ಕಂಟ್ರೋಲ್ ಸಿಸ್ಟಮ್ ಪೇಪರ್ ಬರೆದು ಪಾಸಾದವರು. ಲ್ಯಾಬ್ ರೆಕಾರ್ಡನ್ನು ಪಕ್ಕದವನ ಪುಸ್ತಕ ನೋಡಿ ಬರೆದು, ರಾತ್ರಿ ದೇಶಭಕ್ತಿಯ ಸ್ಟೇಟಸ್ ಹಾಕಿದರೆ ದೇಶಕ್ಕೆ ದಕ್ಕುವುದು ಏನು? ಪಾಠವನ್ನು ನೆಟ್ಟಗೆ ಕಲಿಯುವುದೂ ರಕ್ಷಣೆಯ ಕೆಲಸವೇ.

ಎರಡನೆಯದು, ನಾಗರಿಕ ರಕ್ಷಣೆ. ಮೇ 7ರಂದು ದೇಶದಲ್ಲೆಲ್ಲ ನಡೆದ ಅಣಕು ಕಾರ್ಯಾಚರಣೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಬೆಂಗಳೂರು, ಕಾರವಾರ, ರಾಯಚೂರು. ಸೈರನ್ ಕೂಗಿದರೆ ಏನು ಮಾಡಬೇಕು ಎಂಬುದು ನಮ್ಮ ಭಾಗದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಯ ಹಿಡಕಲ್ ಜಲಾಶಯವಿದೆ, ಬೆಳಗಾವಿ ನಗರ ಕುಡಿಯುವುದು ಅದರ ನೀರನ್ನೂ. ಅಲ್ಲಿನ ಹಳ್ಳಿಗಳಿಗೆ ಕರೆಂಟು ಕೊಡುವುದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ನಾಳೆ ದೀಪ ಆರಿಸುವ ಆದೇಶ ಬಂದರೆ ಅದನ್ನು ಜಾರಿ ಮಾಡಬೇಕಾದವರು ನಮ್ಮೂರಿನ ಲೈನ್‌ಮನ್‌ಗಳು. ಕಳೆದ ವರ್ಷದ ಆ ದಿನಗಳಲ್ಲಿ ಕೇಂದ್ರ ಸರ್ಕಾರ ‘ಮೈ ಭಾರತ್’ ಮೂಲಕ ಯುವಕರನ್ನು ನಾಗರಿಕ ರಕ್ಷಣಾ ಸ್ವಯಂಸೇವಕರಾಗಲು ಕರೆದಿತ್ತು. ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಗಾಯಾಳುಗಳನ್ನು ಸಾಗಿಸುವುದು ಕಲಿತರೆ ಯುದ್ಧ ಬರದಿದ್ದರೂ ಘಟಪ್ರಭೆಗೆ ಮಹಾಪೂರ ಬಂದಾಗ ಉಪಯೋಗಕ್ಕೆ ಬರುತ್ತದೆ. 2019ರಲ್ಲಿ ಗೋಕಾಕ ಪೇಟೆಯೊಳಗೆ ನೀರು ನುಗ್ಗಿದ್ದನ್ನು ಮರೆತವರಿಲ್ಲ.

ಇದು ಈ ಮಣ್ಣಿಗೆ ಹೊಸದೂ ಅಲ್ಲ. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ಯುವಕರಿಗೆ ಕವಾಯತು, ಶಿಸ್ತು, ಸೇವೆ ಕಲಿಸಿದ ಡಾ. ನಾ.ಸು. ಹರ್ಡೀಕರ್ ಅವರ ಕರ್ಮಭೂಮಿ ಗೋಕಾಕ ತಾಲ್ಲೂಕಿನ ಘಟಪ್ರಭಾ. ಸ್ವಾತಂತ್ರ್ಯದ ಆವೇಶ ಉಕ್ಕುತ್ತಿದ್ದ ಆ ಕಾಲದಲ್ಲಿ ಅವರು, ಆವೇಶಕ್ಕೆ ಶಿಸ್ತಿನ ಕಟ್ಟು ಬೇಕು ಎಂದು ಕಂಡುಕೊಂಡಿದ್ದರು.

ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ. ಖಾತ್ರಿಯಿಲ್ಲದ್ದನ್ನು ಹಂಚಬಾರದು. ಯುದ್ಧದ ಹೊತ್ತಿನಲ್ಲಿ ನೆರೆಮನೆಯವನ ಧರ್ಮವನ್ನು ಸಂಶಯದಿಂದ ನೋಡಬಾರದು. ಸಿಟ್ಟು ಬಂದಾಗ ಒಂದು ರಾತ್ರಿ ಸುಮ್ಮನಿರಬೇಕು. ಕೇಳಬೇಕಾದ ಪ್ರಶ್ನೆಯನ್ನು ಬರೆದಿಟ್ಟುಕೊಂಡು, ಕೇಳಬೇಕಾದ ಜಾಗದಲ್ಲಿ, ನಮ್ಮ ಹೆಸರಿಟ್ಟು ಕೇಳಬೇಕು.

ಆಪರೇಷನ್ ಸಿಂಧೂರ ಮುಗಿದಿಲ್ಲ, ತಡೆದು ನಿಲ್ಲಿಸಿದ್ದೇವೆ ಅಷ್ಟೇ ಎಂದು ಸರ್ಕಾರ ಹೇಳಿದೆ. ಮುಂದಿನ ಸಲ ಸೈರನ್ ಯಾವಾಗ ಕೂಗುತ್ತದೋ ಯಾರಿಗೂ ತಿಳಿಯದು. ಕೂಗಿದಾಗ ಗಡಿಯಲ್ಲಿ ಇರುವವರು ಈಗ ನಮ್ಮ ರಸ್ತೆಗಳಲ್ಲಿ ಓಡುತ್ತಿರುವ ಹುಡುಗರು. ಅವರಿಗೆ ನಮ್ಮ ಕೂಗಾಟ ಕೇಳಿಸುವುದಿಲ್ಲ. ಊರು ಶಾಂತವಾಗಿದೆ, ಮನೆಯವರನ್ನು ನೋಡಿಕೊಳ್ಳುವವರಿದ್ದಾರೆ, ವಾಪಸ್ ಹೋದರೆ ಒಂದು ಕೆಲಸವಿದೆ ಎಂಬ ಭರವಸೆ ಅವರ ಎದೆಯಲ್ಲಿದ್ದರೆ ಸಾಕು. ಅಷ್ಟನ್ನು ಕೊಡಲು ನಮಗೆ ಬಂದೂಕು ಬೇಡ. ನಾಲ್ಕು ದಿನ ಮೀರಿ ಬಾಳುವ ಗಟ್ಟಿ ಮನಸ್ಸು ಬೇಕು.